ಪಕ್ಕದ ಮನೆಯ ಟಿವಿಯೂ ಪಕ್ಷದ ಟಿಕೆಟ್ಟೂ

ಓದುಗರ ಪ್ರಶ್ನೆ: ನಾನು ಧಾರವಾಡದವಳು. ಹನ್ನೊಂದು ವರ್ಷದಿಂದ ಟೆಕ್ಸಸ್‌ನ ಡಲ್ಲಾಸ್ ಹತ್ತಿರ ಇದ್ದೇವೆ. ಗಂಡನದು ಎಚ್‌1ಬಿ ವೀಸಾ. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿದ್ದೇವೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ದಂಪತಿ ಇದ್ದಾರೆ. ನಾನು ಬಾಣಂತಿಯಾಗಿದ್ದಾಗ ಆ ಅಜ್ಜಿ ದಿನಾ ಸೂಪ್ ಮಾಡಿ ತರುತ್ತಿದ್ದರು. ಅಜ್ಜ ನಮ್ಮ ಹುಲ್ಲು ಕತ್ತರಿಸುವ ಯಂತ್ರ ಕೆಟ್ಟಾಗಲೆಲ್ಲ ಬಂದು ಸರಿಮಾಡಿಕೊಟ್ಟವರು. ಈಗ ಎರಡು ವರ್ಷದಿಂದ ಅವರ ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಒಂದೇ ನ್ಯೂಸ್ ಚಾನೆಲ್. ಮೊನ್ನೆ ಅಜ್ಜ, "ಈ ವೀಸಾದವರಿಂದ ನಮ್ಮ ಹುಡುಗರಿಗೆ ಕೆಲಸ ಇಲ್ಲ. ನಿಮ್ಮ ಬಗ್ಗೆ ಹೇಳ್ತಿಲ್ಲ ಬಿಡಿ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟಿವಿ ಅವರ ತಲೆ ಕೆಡಿಸಿದೆ ಅಂತ ಗಂಡ ಹೇಳುತ್ತಾರೆ. ಮೊದಲಿಂದ ಮನಸ್ಸಿನಲ್ಲಿ ಇದ್ದದ್ದೇ ಈಗ ಬಾಯಿಗೆ ಬಂದಿದೆ ಅಂತ ಮೈದುನ ಹೇಳುತ್ತಾನೆ. ಯಾರು ಸರಿ? ಟಿವಿಯಲ್ಲಿ ಕೂಗಿದಂತೆ ಕಾನೂನೂ ಬದಲಾಗುತ್ತಾ? ನಾವೇನು ಮಾಡಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಾಣಂತನದಲ್ಲಿ ಸೂಪ್ ಬಂದ ಮನೆಯಿಂದಲೇ ಇಂಥ ಮಾತು ಬಂದರೆ ನಿದ್ದೆ ಹಾರುವುದು ಸಹಜ. ನಾನು ಅಮೆರಿಕದ ಮಧ್ಯಭಾಗದ ಒಂದು ಊರಿನಲ್ಲಿ ಇಪ್ಪತ್ತು ವರ್ಷ ರಾಜಕೀಯ ಮತ್ತು ಮಾಧ್ಯಮದ ಪಾಠ ಮಾಡಿದವನು. ನಿಮ್ಮ ಅಜ್ಜನಂಥವರು ನನ್ನ ನೆರೆಯವರಾಗಿದ್ದರು. ಅವರ ಮಕ್ಕಳು ನನ್ನ ವಿದ್ಯಾರ್ಥಿಗಳಾಗಿದ್ದರು.

ನೀವು ಕೇಳಿರುವುದರಲ್ಲಿ ಎರಡು ಪ್ರಶ್ನೆಗಳಿವೆ. ಅಜ್ಜನ ಮನಸ್ಸು ಹೇಗೆ ಬದಲಾಯಿತು ಅನ್ನುವುದು ಒಂದು. ಆ ಮನಸ್ಸಿನಿಂದ ಕಾನೂನು ಹೇಗೆ ಬದಲಾಗುತ್ತದೆ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಗಂಟು ಮಾಡಿದರೆ ಭಯ ಜಾಸ್ತಿಯಾಗುತ್ತದೆ, ತಿಳಿವಳಿಕೆ ಕಡಿಮೆಯಾಗುತ್ತದೆ. ಹಾಗಾಗಿ ಒಂದೊಂದಾಗಿ ಬಿಡಿಸೋಣ.

ಮೊದಲು ನಿಮ್ಮ ಯಜಮಾನರ ಮಾತು. ಟಿವಿಯೇ ತಲೆ ಕೆಡಿಸಿದೆ ಅನ್ನುವುದು ತುಂಬ ಜನ ನಂಬಿರುವ ಮಾತು. ಆದರೆ ಲೆಕ್ಕ ಹಾಕಿದರೆ ಅಷ್ಟು ಸುಲಭವಾಗಿ ಕೂಡಿಬರುವುದಿಲ್ಲ. ಫಾಕ್ಸ್ ನ್ಯೂಸ್ ಅಮೆರಿಕದ ಅತಿ ದೊಡ್ಡ ಕೇಬಲ್ ನ್ಯೂಸ್ ಚಾನೆಲ್, ಟ್ರಂಪ್ ಅವರ ರಿಪಬ್ಲಿಕನ್ ಪಕ್ಷದ ಕಡೆ ವಾಲುವಂಥದ್ದು. ಅದನ್ನು ಸಾಮಾನ್ಯ ದಿನದ ಸಂಜೆ ನೋಡುವವರು ಸುಮಾರು 20ರಿಂದ 30 ಲಕ್ಷ ಜನ. 2024ರಲ್ಲಿ ಟ್ರಂಪ್‌ಗೆ ವೋಟು ಹಾಕಿದವರು 7 ಕೋಟಿ 70 ಲಕ್ಷಕ್ಕೂ ಹೆಚ್ಚು. ಅಂದರೆ ಅವರಲ್ಲಿ ಬಹುಪಾಲು ಜನ ಆ ಹೊತ್ತಿನಲ್ಲಿ ಕ್ರೀಡೆಯನ್ನೋ ಅಡುಗೆ ಕಾರ್ಯಕ್ರಮವನ್ನೋ ನೋಡುತ್ತಿರುತ್ತಾರೆ, ಇಲ್ಲವೇ ನಿದ್ದೆ ಮಾಡುತ್ತಿರುತ್ತಾರೆ.

ಫಾಕ್ಸ್ ಶುರುವಾದದ್ದು 1996ರ ಅಕ್ಟೋಬರ್‌ನಲ್ಲಿ. ಆಗ ಎಲ್ಲ ಊರಿನ ಕೇಬಲ್‌ನಲ್ಲೂ ಅದು ಸಿಗುತ್ತಿರಲಿಲ್ಲ. ಸಿಕ್ಕ ಊರು, ಸಿಗದ ಊರುಗಳನ್ನು ಹೋಲಿಸಿ ಇಬ್ಬರು ಅರ್ಥಶಾಸ್ತ್ರಜ್ಞರು 2000ದ ಚುನಾವಣೆಯ ಲೆಕ್ಕ ತೆಗೆದರು. ಚಾನೆಲ್ ಬಂದ ಊರುಗಳಲ್ಲಿ ರಿಪಬ್ಲಿಕನ್ ಪಾಲು ಶೇಕಡಾ 0.4ರಿಂದ 0.7ರಷ್ಟು ಏರಿತ್ತು. ಚಿಕ್ಕ ಸಂಖ್ಯೆ. ಆದರೆ ಆ ವರ್ಷ ಫ್ಲೋರಿಡಾದಲ್ಲಿ ಬುಷ್ ಗೆದ್ದದ್ದು 537 ವೋಟಿನಿಂದ. ಹಾಗಾಗಿ ಚಿಕ್ಕದು ಅಂತ ತಳ್ಳಿಹಾಕುವ ಹಾಗೂ ಇಲ್ಲ.

ಇನ್ನೊಂದು ಪ್ರಯೋಗ ನನಗೆ ತುಂಬ ಹಿಡಿಸಿದ್ದು. 2020ರ ಸೆಪ್ಟೆಂಬರ್‌ನಲ್ಲಿ ಇಬ್ಬರು ಸಂಶೋಧಕರು ಫಾಕ್ಸ್ ನೋಡುವ ಸುಮಾರು 300 ಜನರಿಗೆ ಗಂಟೆಗೆ 15 ಡಾಲರ್ ಕೊಟ್ಟು, ಒಂದು ತಿಂಗಳು ಬೇರೆ ಒಲವಿನ ಸಿಎನ್‌ಎನ್ ಚಾನೆಲ್ ನೋಡಿಸಿದರು. ಈ ಜನರ ಪಕ್ಷ ಬದಲಾಗಲಿಲ್ಲ. ಬದಲಾದದ್ದು ಯಾವುದು ದೊಡ್ಡ ವಿಷಯ, ಯಾವುದು ಚಿಕ್ಕ ವಿಷಯ ಅನ್ನುವ ಅಂದಾಜು. ಕೆಲವು ಸುದ್ದಿಗಳ ಬಗ್ಗೆ ಅವರಿಗೆ ಮೊದಲ ಸಲ ಗೊತ್ತಾಯಿತು. ನಮ್ಮ ಚಾನೆಲ್ ನಮಗೆ ಇದನ್ನು ಹೇಳಲೇ ಇಲ್ಲವಲ್ಲ ಅಂತ ಅನ್ನಿಸಿತು. ದುಡ್ಡು ನಿಂತ ಮೇಲೆ ಬಹುತೇಕರು ಹಳೇ ಚಾನೆಲ್‌ಗೆ ಮರಳಿದರು. ಎರಡು ತಿಂಗಳಲ್ಲಿ ಆದ ಬದಲಾವಣೆ ಹೆಚ್ಚುಕಡಿಮೆ ಅಳಿಸಿಹೋಯಿತು.

ಇದರಿಂದ ಅಜ್ಜನ ಬಗ್ಗೆ ಒಂದು ವಿಷಯ ಗೊತ್ತಾಗುತ್ತದೆ. ಯಾರನ್ನು ಪ್ರೀತಿಸಬೇಕು, ಯಾರನ್ನು ದ್ವೇಷಿಸಬೇಕು ಅಂತ ಟಿವಿ ಅವರಿಗೆ ಕಲಿಸಿಕೊಟ್ಟಿದ್ದಕ್ಕಿಂತ, ದಿನಾ ಯಾವುದರ ಬಗ್ಗೆ ಚಿಂತೆ ಮಾಡಬೇಕು ಅಂತ ಕಲಿಸಿಕೊಟ್ಟದ್ದು ಜಾಸ್ತಿ. ನೂರು ಚಿಂತೆಗಳಲ್ಲಿ ಒಂದನ್ನು ಎತ್ತಿ ದಿನಕ್ಕೆ ಹತ್ತು ಸಲ ಮುಂದಿಟ್ಟರೆ ಅದೇ ಮನೆಯ ಚಿಂತೆಯಾಗುತ್ತದೆ. "ನಿಮ್ಮ ಬಗ್ಗೆ ಹೇಳ್ತಿಲ್ಲ" ಅಂದರಲ್ಲ, ಅದನ್ನು ಅವರು ಮನಸ್ಸಿನಿಂದಲೇ ಹೇಳಿದ್ದಾರೆ. ನೀವು ಅವರಿಗೆ ಕಣ್ಣಾರೆ ಗೊತ್ತು. "ವೀಸಾದವರು" ಗೊತ್ತಿರುವುದು ಟಿವಿಯಿಂದ.

ಹಾಗಾದರೆ ಮೈದುನನ ಮಾತು? ಮೊದಲಿಂದ ಎಲ್ಲ ಒಳಗೇ ಇತ್ತು ಅನ್ನುವುದೂ ಪೂರ್ತಿ ನಿಜವಲ್ಲ. ರಿಪಬ್ಲಿಕನ್ ಪಕ್ಷ ಬಹುಕಾಲ ಮುಕ್ತ ವ್ಯಾಪಾರದ ಪಕ್ಷವಾಗಿತ್ತು. 1993ರಲ್ಲಿ ಮೆಕ್ಸಿಕೊ, ಕೆನಡಾ ಜೊತೆಗಿನ ನಾಫ್ಟಾ ವ್ಯಾಪಾರ ಒಪ್ಪಂದ ಕೆಳಮನೆಯಲ್ಲಿ ಪಾಸಾದಾಗ ಅದಕ್ಕೆ ವೋಟು ಹಾಕಿದ ರಿಪಬ್ಲಿಕನ್ನರು 132, ಡೆಮಾಕ್ರಾಟರು 102. 2016ರ ಹೊತ್ತಿಗೆ ಅದೇ ಪಕ್ಷದ ಮತದಾರರು ಇಂಥ ಒಪ್ಪಂದಗಳನ್ನು ಕಂಡರೆ ಸಿಡಿಯುತ್ತಿದ್ದರು. ನಡುವೆ ಏನಾಯಿತು? 2001ರ ಕೊನೆಯಲ್ಲಿ ಚೀನಾ ವಿಶ್ವ ವ್ಯಾಪಾರ ಸಂಘಟನೆ ಸೇರಿತು. 2000ದಲ್ಲಿ 1 ಕೋಟಿ 70 ಲಕ್ಷದಷ್ಟಿದ್ದ ಕಾರ್ಖಾನೆ ಕೆಲಸಗಳು 2010ಕ್ಕೆ 1 ಕೋಟಿ 20 ಲಕ್ಷಕ್ಕಿಂತ ಕೆಳಗೆ ಬಂದವು. ಊರಿನ ಕಾರ್ಖಾನೆ ಮುಚ್ಚಿದ ನೋವು ಟಿವಿ ಹುಟ್ಟಿಸಿದ್ದಲ್ಲ. ಆದರೆ ಆ ನೋವಿಗೆ ಯಾರನ್ನು ಹೊಣೆ ಮಾಡಬೇಕು ಅನ್ನುವುದನ್ನು ಯಾರೋ ಹೇಳಿಕೊಡಬೇಕಾಯಿತು. ಹಾಲು ಜನರದ್ದು, ಹೆಪ್ಪು ಹಾಕಿದವರು ಬೇರೆ.

ಈ ಹೆಪ್ಪು ಹಾಕುವ ಕೆಲಸ ಶುರುವಾದದ್ದು ಫಾಕ್ಸ್‌ಗಿಂತ ಎಷ್ಟೋ ಮುಂಚೆ. 1964ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಬ್ಯಾರಿ ಗೋಲ್ಡ್‌ವಾಟರ್ ಹೀನಾಯವಾಗಿ ಸೋತ ಮೇಲೆ ರಿಚರ್ಡ್ ವಿಗೆರಿ ಎಂಬ ತರುಣ ಅವರಿಗೆ ಹಣ ಕೊಟ್ಟವರ ಹೆಸರು, ವಿಳಾಸಗಳನ್ನು ಸರ್ಕಾರಿ ದಾಖಲೆಯಿಂದ ಕೈಯಲ್ಲಿ ಬರೆದುಕೊಂಡರು. ಆ ಪಟ್ಟಿಯಿಂದ ಅಂಚೆ ಪತ್ರಗಳ ಒಂದು ದೊಡ್ಡ ಜಾಲವೇ ಬೆಳೆಯಿತು. ದೊಡ್ಡ ಪತ್ರಿಕೆಗಳು ನಮ್ಮ ಮಾತು ಹಾಕುವುದಿಲ್ಲ, ನಾವೇ ನೇರವಾಗಿ ಮನೆಗೆ ಹೋಗೋಣ ಅನ್ನುವ ಯೋಚನೆ ಅದು. ಕನ್ಸರ್ವೇಟಿವ್, ಅಂದರೆ ಬಲಪಂಥೀಯ, ಮಾಧ್ಯಮದ ಇಡೀ ಕಥೆ ಆ ಒಂದು ಯೋಚನೆಯ ಮೇಲೆ ನಿಂತಿದೆ.

ಆ ದೂರು ಪೂರ್ತಿ ಸುಳ್ಳೂ ಅಲ್ಲ. ಇದನ್ನು ಹೇಳದಿದ್ದರೆ ಅಜ್ಜನಿಗೆ ಅನ್ಯಾಯವಾಗುತ್ತದೆ. ದೊಡ್ಡ ನಗರಗಳ ಸುದ್ದಿಮನೆಗಳಲ್ಲಿ ಡೆಮಾಕ್ರಾಟ್ ಒಲವಿನವರು ಜಾಸ್ತಿ. ಹಳ್ಳಿಯ, ಚರ್ಚಿನ, ಬಂದೂಕಿನ ಬದುಕು ಅವರಿಗೆ ಅಷ್ಟಾಗಿ ಗೊತ್ತಿಲ್ಲ. 2020ರ ಅಕ್ಟೋಬರ್‌ನಲ್ಲಿ ಜೋ ಬೈಡನ್ ಅವರ ಮಗ ಹಂಟರ್ ಬೈಡನ್ ಲ್ಯಾಪ್‌ಟಾಪ್ ಸುದ್ದಿಯ ಲಿಂಕನ್ನು ಟ್ವಿಟರ್ ತಡೆದಿತ್ತು. ಹಾಗೆ ತಡೆದದ್ದು ತಪ್ಪು ಅಂತ ಆ ಕಂಪನಿಯ ಮುಖ್ಯಸ್ಥರೇ ಆಮೇಲೆ ಒಪ್ಪಿಕೊಂಡರು. ಇಂಥ ಒಂದೊಂದು ಘಟನೆಯೂ "ನೋಡಿ, ನಾವು ಹೇಳಲಿಲ್ಲವಾ" ಅನ್ನಲು ಸಾಕು. ಗ್ಯಾಲಪ್ ಸಮೀಕ್ಷೆ 1976ರಲ್ಲಿ ಕೇಳಿದಾಗ ಅಮೆರಿಕನ್ನರಲ್ಲಿ ಶೇಕಡಾ 72 ಮಂದಿಗೆ ಮಾಧ್ಯಮದ ಮೇಲೆ ನಂಬಿಕೆ ಇತ್ತು. 2016ರಲ್ಲಿ ಅದು ಶೇಕಡಾ 32. ರಿಪಬ್ಲಿಕನ್ನರಲ್ಲಿ ಬರೀ 14.

ಆಮೇಲೆ ರೇಡಿಯೊ ಬಂತು. ಎರಡೂ ಕಡೆಯ ಮಾತು ಕೇಳಿಸಬೇಕು ಅನ್ನುವ 1949ರ ಪ್ರಸಾರ ನಿಯಮವನ್ನು 1987ರಲ್ಲಿ ತೆಗೆದುಹಾಕಿದರು. ಅಷ್ಟರಲ್ಲಿ ಹಾಡುಗಳೆಲ್ಲ ಎಫ್‌ಎಂಗೆ ಹೋಗಿದ್ದವು. ಎಎಂ ಸ್ಟೇಷನ್‌ಗಳು ಖಾಲಿ ಕೂತಿದ್ದವು. 1988ರ ಆಗಸ್ಟ್‌ನಲ್ಲಿ ರಷ್ ಲಿಂಬಾ ಎಂಬ ಬಲಪಂಥೀಯ ನಿರೂಪಕರ ಕಾರ್ಯಕ್ರಮ ದೇಶಾದ್ಯಂತ ಶುರುವಾಯಿತು. ದಿನಾ ಮಧ್ಯಾಹ್ನ, ಮೂರು ತಾಸು. ಆ ನಿಯಮ ತೆಗೆದದ್ದರಿಂದಲೇ ಫಾಕ್ಸ್ ಹುಟ್ಟಿತು ಅಂತ ಬಹಳ ಜನ ಹೇಳುತ್ತಾರೆ. ಅದು ತಪ್ಪು. ಆ ನಿಯಮ ಕೇಬಲ್ ಚಾನೆಲ್‌ಗೆ ಅನ್ವಯಿಸುತ್ತಲೇ ಇರಲಿಲ್ಲ. ರೇಡಿಯೊಗೆ ಮಾತ್ರ ಅದರಿಂದ ದಾರಿ ತೆರೆಯಿತು.

ನಾನು ಇದನ್ನು ಪುಸ್ತಕದಲ್ಲಿ ಓದಿದ್ದು ಆಮೇಲೆ. ಕಿವಿಯಾರೆ ಕೇಳಿದ್ದು ಮೊದಲು. ಹೊಸದಾಗಿ ಹೋಗಿದ್ದ ವರ್ಷ, ಸುಗ್ಗಿಯ ಕಾಲ. ಜೋಳ ತುಂಬಿದ ಲಾರಿಗಳು ಊರ ಹೊರಗಿನ ದೊಡ್ಡ ಕಣಜದ ಮುಂದೆ ಸಾಲು ನಿಂತಿದ್ದವು. ಪರಿಚಯದ ಒಬ್ಬ ರೈತನನ್ನು ಹುಡುಕುತ್ತ ಆ ಸಾಲಿನ ಪಕ್ಕ ನಡೆದೆ. ಎಲ್ಲ ಲಾರಿಯ ಕಿಟಕಿಗಳೂ ಇಳಿದಿದ್ದವು. ಎಲ್ಲದರಲ್ಲೂ ಒಂದೇ ದನಿ. ಮೊದಲ ಲಾರಿಯಲ್ಲಿ ಶುರುವಾದ ವಾಕ್ಯ ಎರಡನೆಯದರಲ್ಲಿ ಮುಂದುವರಿದು ಮೂರನೆಯದರ ಹತ್ತಿರ ಮುಗಿಯಿತು. ನಾನು ಒಂದು ಪದವನ್ನೂ ಕಳೆದುಕೊಳ್ಳದೆ ಸಾಲಿನ ಕೊನೆ ಮುಟ್ಟಿದೆ. ಆ ರೈತ ನನಗೆ ಹೇಳಿದ ಮಾತು ಇವತ್ತಿಗೂ ನೆನಪಿದೆ. "ದಿನವಿಡೀ ಒಬ್ಬನೇ ಟ್ರಾಕ್ಟರ್‌ನಲ್ಲಿ ಕೂತಿರ್ತೀನಿ. ಇವನು ನನ್ನ ಜೊತೆ ಮಾತಾಡ್ತಾನೆ." ಆ ಒಂಟಿತನವನ್ನು ಮರೆತು ಈ ಮಾಧ್ಯಮವನ್ನು ಅರ್ಥಮಾಡಿಕೊಳ್ಳಲು ಆಗುವುದಿಲ್ಲ. ನಿಮ್ಮ ಅಜ್ಜ ಅಜ್ಜಿಯ ಮನೆಯಲ್ಲೂ ಮಕ್ಕಳು ದೂರ ಇರಬಹುದು ಅಂತ ನನ್ನ ಊಹೆ.

ಇನ್ನು ಎರಡನೇ ಪ್ರಶ್ನೆ. ಲಾರಿಯಲ್ಲಿ ಕೇಳಿದ ದನಿ ವಾಷಿಂಗ್ಟನ್ ಮುಟ್ಟುವುದು ಹೇಗೆ?

ಇಲ್ಲಿ ನಮ್ಮವರು ಮುಖ್ಯವಾದ ಒಂದು ಸಂಗತಿಯನ್ನು ಗಮನಿಸುವುದಿಲ್ಲ. ಕರ್ನಾಟಕದಲ್ಲಿ ಟಿಕೆಟ್ ಯಾರು ಕೊಡುತ್ತಾರೆ? ಹೈಕಮಾಂಡ್. ಶಾಸಕನೊಬ್ಬ ಜನರಿಗಿಂತ ಮೊದಲು ದೆಹಲಿಗೆ ಹೆದರುತ್ತಾನೆ. ಅಮೆರಿಕದಲ್ಲಿ ಟಿಕೆಟ್ ಕೊಡುವುದು ಪ್ರೈಮರಿ ಎಂಬ ಒಳಚುನಾವಣೆ. ಸಾಮಾನ್ಯ ಮತದಾರರೇ ಬಂದು ಪಕ್ಷದ ಅಭ್ಯರ್ಥಿಯನ್ನು ಆರಿಸುತ್ತಾರೆ. ಅಧ್ಯಕ್ಷರ ಚುನಾವಣೆ ಇಲ್ಲದ ವರ್ಷಗಳಲ್ಲಿ ಈ ಒಳಚುನಾವಣೆಗೆ ಬರುವವರು ಸುಮಾರು ಐದರಲ್ಲಿ ಒಬ್ಬರು, ಅದೂ ಎರಡು ಪಕ್ಷ ಸೇರಿ. ಅವರಲ್ಲಿ ವಯಸ್ಸಾದವರು ಜಾಸ್ತಿ, ರಾಜಕೀಯವನ್ನು ದಿನಾ ಹಿಂಬಾಲಿಸುವವರು ಜಾಸ್ತಿ. ದಿನಾ ನ್ಯೂಸ್ ಚಾನೆಲ್ ನೋಡುವವರೂ ಅವರೇ. ಬಹುಪಾಲು ಕ್ಷೇತ್ರಗಳು ಒಂದೇ ಪಕ್ಷದ ಭದ್ರಕೋಟೆಗಳು. ಅಲ್ಲಿ ಪ್ರೈಮರಿ ಗೆದ್ದರೆ ಆಯಿತು, ನವೆಂಬರ್ ಬರೀ ಶಾಸ್ತ್ರ.

ಹಾಗಾಗಿ ರಿಪಬ್ಲಿಕನ್ ರಾಜಕಾರಣಿಗೆ ಜನಾಭಿಪ್ರಾಯ ಅಂದರೆ 34 ಕೋಟಿ ಜನರ ಅಭಿಪ್ರಾಯವಲ್ಲ. ಮಾರ್ಚ್‌ನಲ್ಲೋ ಜೂನ್‌ನಲ್ಲೋ ಒಂದು ಮಂಗಳವಾರ ಮತಗಟ್ಟೆಗೆ ಬರುವ ಹತ್ತಾರು ಸಾವಿರ ಜನರ ಅಭಿಪ್ರಾಯ. ಅವರ ಮಾತು ಕೇಳಿಸುವುದು ಟಿವಿ, ರೇಡಿಯೊ, ಈಗ ಪಾಡ್‌ಕಾಸ್ಟ್‌ಗಳಲ್ಲಿ. ಹೈಕಮಾಂಡ್ ಇಲ್ಲದೆ ಖಾಲಿ ಬಿದ್ದಿದ್ದ ಕುರ್ಚಿಯಲ್ಲಿ ಅವು ಬಂದು ಕೂತಿವೆ.

ಎರಿಕ್ ಕ್ಯಾಂಟರ್ ಅವರ ಕಥೆ ಕೇಳಿ. ಕೆಳಮನೆಯಲ್ಲಿ ಬಹುಮತದ ನಾಯಕ, ಮುಂದಿನ ಸ್ಪೀಕರ್ ಅಂತ ಎಲ್ಲರೂ ಎಣಿಸಿದ್ದ ಮನುಷ್ಯ. 2012ರ ಅಧ್ಯಕ್ಷ ಚುನಾವಣೆಯ ಸೋಲಿನ ನಂತರ ಪಕ್ಷದ ರಾಷ್ಟ್ರೀಯ ಸಮಿತಿಯೇ ವಲಸೆ ಕಾನೂನು ಸುಧಾರಿಸಬೇಕು ಅಂತ ವರದಿ ಕೊಟ್ಟಿತ್ತು. 2013ರ ಜೂನ್‌ನಲ್ಲಿ ಸೆನೆಟ್ 68-32ರಲ್ಲಿ ದೊಡ್ಡ ಮಸೂದೆ ಪಾಸು ಮಾಡಿತು. ಸಮೀಕ್ಷೆಗಳಲ್ಲಿ ದೇಶದ ಬಹುಮತ ಅದರ ಪರ ಇತ್ತು. ರೇಡಿಯೊ ನಿರೂಪಕರು ಮಾತ್ರ ಪ್ರತಿದಿನ ಅದರ ವಿರುದ್ಧ ಮಾತಾಡಿದರು. ಕ್ಯಾಂಟರ್ ಆ ಮಸೂದೆಗೆ ಬೆಂಬಲವನ್ನೂ ಕೊಟ್ಟಿರಲಿಲ್ಲ. ಚಿಕ್ಕಂದಿನಲ್ಲಿ ದಾಖಲೆ ಇಲ್ಲದೆ ಬಂದ ಮಕ್ಕಳಿಗೆ ಏನಾದರೂ ದಾರಿ ಮಾಡಬೇಕು ಅಂದಿದ್ದರು, ಅಷ್ಟೆ. ಅಷ್ಟು ಸಾಕಾಯಿತು. ಡೇವ್ ಬ್ರ್ಯಾಟ್ ಎಂಬ ಕಾಲೇಜು ಮೇಷ್ಟ್ರು ಅವರ ಎದುರು ನಿಂತರು. ರೇಡಿಯೊ ನಿರೂಪಕಿ ಲಾರಾ ಇಂಗ್ರಹಾಮ್ ವರ್ಜೀನಿಯಾಕ್ಕೇ ಬಂದು ಬ್ರ್ಯಾಟ್ ಪರ ಸಭೆ ಮಾಡಿದರು. ಕ್ಯಾಂಟರ್ ಖರ್ಚು ಮಾಡಿದ್ದು 50 ಲಕ್ಷ ಡಾಲರ್‌ಗೂ ಮೀರಿ. ಬ್ರ್ಯಾಟ್ ಅವರದು 2 ಲಕ್ಷದ ಆಸುಪಾಸು. 2014ರ ಜೂನ್ 10ರ ರಾತ್ರಿ ಲೆಕ್ಕ ಬಂತು. ಬ್ರ್ಯಾಟ್‌ಗೆ 36 ಸಾವಿರ, ಕ್ಯಾಂಟರ್‌ಗೆ 29 ಸಾವಿರದೊಳಗೆ. ಏಳು ಲಕ್ಷಕ್ಕೂ ಹೆಚ್ಚು ಜನ ವಾಸಿಸುವ ಕ್ಷೇತ್ರ ಅದು. ಏಳು ಸಾವಿರ ವೋಟಿನ ಅಂತರ ಇಡೀ ದೇಶದ ವಲಸೆ ಸುಧಾರಣೆಯನ್ನು ನಿಲ್ಲಿಸಿಬಿಟ್ಟಿತು. ಸೆನೆಟ್ ಪಾಸು ಮಾಡಿದ ಮಸೂದೆಯನ್ನು ಕೆಳಮನೆ ಚರ್ಚೆಗೂ ತೆಗೆದುಕೊಳ್ಳಲಿಲ್ಲ.

ನಿಮ್ಮ ಗ್ರೀನ್ ಕಾರ್ಡ್ ಸಾಲಿಗೂ ಆ ರಾತ್ರಿಗೂ ಸಂಬಂಧ ಇದೆ. ಪ್ರತಿ ದೇಶಕ್ಕೆ ಶೇಕಡಾ 7 ಅನ್ನುವ ಮಿತಿಯನ್ನು ಉದ್ಯೋಗದ ಗ್ರೀನ್ ಕಾರ್ಡ್‌ಗಳಿಂದ ತೆಗೆಯುವ ಮಾತು ಆ ಮಸೂದೆಯಲ್ಲೇ ಇತ್ತು.

ಹಾಗಾದರೆ ನಿರೂಪಕರೇ ಯಜಮಾನರಾ? ಅವರೂ ಅಲ್ಲ. ಹರಿಕಥೆ ದಾಸರು ಒಂದು ಕಣ್ಣನ್ನು ಸದಾ ಸಭೆಯ ಮೇಲಿಟ್ಟಿರುತ್ತಾರೆ. ಜನ ತೂಕಡಿಸಿದರೆ ಉಪಕಥೆಗೆ ಹೊರಳುತ್ತಾರೆ. ಜನ ಎದ್ದು ಹೋಗತೊಡಗಿದರೆ ದಾಸರಿಗೇ ನಡುಕ. ಫಾಕ್ಸ್‌ಗೆ ಆ ನಡುಕ ಬಂದದ್ದು 2020ರ ನವೆಂಬರ್ 3ರ ರಾತ್ರಿ. ಅರಿಜೋನಾವನ್ನು ಬೈಡನ್ ಗೆಲ್ಲುತ್ತಾರೆ ಅಂತ ಎಲ್ಲರಿಗಿಂತ ಮೊದಲು ಹೇಳಿದ್ದು ಫಾಕ್ಸ್‌ನ ಲೆಕ್ಕದ ತಂಡ. ಹೇಳಿದ್ದು ಸರಿಯಾಗಿತ್ತು. ಬೈಡನ್ 10,457 ವೋಟಿನಿಂದ ಗೆದ್ದರು. ಆದರೆ ವೀಕ್ಷಕರು ಸಿಟ್ಟಾಗಿ ನ್ಯೂಸ್‌ಮ್ಯಾಕ್ಸ್ ಎಂಬ ಇನ್ನೊಂದು ಚಾನೆಲ್ ಕಡೆ ಹೊರಟರು.

ಮುಂದೆ ಒಳಗೆ ನಡೆದದ್ದು ನಮಗೆ ಗೊತ್ತಾದದ್ದು ಕೋರ್ಟಿನಿಂದ. ತನ್ನ ಯಂತ್ರಗಳಿಂದ ಚುನಾವಣೆ ಕದ್ದರು ಅನ್ನುವ ಕಥೆಯನ್ನು ಪ್ರಸಾರ ಮಾಡಿದ್ದಕ್ಕೆ ಮತಯಂತ್ರದ ಕಂಪನಿ ಡೊಮಿನಿಯನ್ ಫಾಕ್ಸ್ ಮೇಲೆ 160 ಕೋಟಿ ಡಾಲರ್ ಮಾನನಷ್ಟ ಮೊಕದ್ದಮೆ ಹೂಡಿತು. ಆಗ ನಿರೂಪಕರ ಖಾಸಗಿ ಮೆಸೇಜುಗಳೆಲ್ಲ ಹೊರಬಂದವು. ಆ ಕಥೆಯನ್ನು ಅವರಲ್ಲೇ ಹಲವರು ನಂಬಿರಲಿಲ್ಲ. ಅದೇ ಚಾನೆಲ್‌ನ ವರದಿಗಾರ್ತಿಯೊಬ್ಬರು ಆ ಕಥೆ ಸುಳ್ಳು ಅಂತ ಟ್ವೀಟ್ ಮಾಡಿದಾಗ, ಅವರನ್ನು ಕೆಲಸದಿಂದ ತೆಗೆಯಿರಿ, ಕಂಪನಿಯ ಷೇರು ಬೆಲೆ ಇಳಿದಿದೆ ಅಂತ ನಿರೂಪಕ ಟಕರ್ ಕಾರ್ಲ್‌ಸನ್ ಸಹೋದ್ಯೋಗಿಗಳಿಗೆ ಬರೆದಿದ್ದರು. 2023ರ ಏಪ್ರಿಲ್‌ನಲ್ಲಿ ಫಾಕ್ಸ್ 78 ಕೋಟಿ 75 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ನನ್ನ ವೃತ್ತಿಯಲ್ಲಿ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಸಿಕ್ಕಿಲ್ಲ. ವೀಕ್ಷಕರು ಚಾನೆಲ್‌ಗೆ ಹೆದರಿರಲಿಲ್ಲ. ಚಾನೆಲ್ ವೀಕ್ಷಕರಿಗೆ ಹೆದರಿತ್ತು. ಗೊತ್ತಿದ್ದ ಸತ್ಯವನ್ನು ಜನರಿಗೆ ಹೇಳಲು ಆಗದಷ್ಟು ಹೆದರಿತ್ತು. ಅದನ್ನು ನೆನೆದರೆ ನನಗೆ ಈಗಲೂ ನೋವಾಗುತ್ತದೆ. ನನ್ನ ಲಾರಿ ಸಾಲಿನ ರೈತನಂಥವರು ನಂಬಿದ್ದ ದನಿಗಳು ಅವು.

ಅಧ್ಯಕ್ಷರೂ ಈ ಸುಳಿಗೆ ಸಿಕ್ಕಿದ್ದಾರೆ. 2018ರ ಡಿಸೆಂಬರ್‌ನಲ್ಲಿ ಗಡಿಗೋಡೆಗೆ ಹಣವಿಲ್ಲದ ತಾತ್ಕಾಲಿಕ ಬಜೆಟ್ಟನ್ನು ಸೆನೆಟ್ ವಿರೋಧವಿಲ್ಲದೆ ಪಾಸು ಮಾಡಿತ್ತು. ಟ್ರಂಪ್ ಸಹಿ ಹಾಕುತ್ತಾರೆ ಅಂತಲೇ ಎಲ್ಲರೂ ತಿಳಿದಿದ್ದರು. ಲಿಂಬಾ, ಅಂಕಣಕಾರ್ತಿ ಆನ್ ಕೂಲ್ಟರ್ ಮುಂತಾದವರು ಶರಣಾದರು ಅಂತ ಹರಿಹಾಯ್ದರು. ಮರುದಿನವೇ ಟ್ರಂಪ್ ನಿಲುವು ತಿರುಗಿತು. ಸರ್ಕಾರ 35 ದಿನ ಮುಚ್ಚಿತು. 2024ರ ಫೆಬ್ರವರಿಯಲ್ಲಿ ಒಕ್ಲಹೋಮಾದ ಸೆನೆಟರ್ ಜೇಮ್ಸ್ ಲ್ಯಾಂಕ್‌ಫರ್ಡ್ ಸದನದಲ್ಲೇ ಒಂದು ಮಾತು ಹೇಳಿದರು. ಚುನಾವಣೆಯ ವರ್ಷ ಗಡಿ ಸಮಸ್ಯೆ ಬಗೆಹರಿಸುವ ಮಸೂದೆ ತಂದರೆ ನಿಮ್ಮನ್ನು ನಾಶ ಮಾಡಲು ಏನು ಬೇಕೋ ಅದನ್ನೆಲ್ಲ ಮಾಡುತ್ತೇನೆ ಅಂತ ಜನಪ್ರಿಯ ನಿರೂಪಕರೊಬ್ಬರು ಅವರಿಗೆ ಮುಂಚೆಯೇ ಹೇಳಿದ್ದರಂತೆ. ಟ್ರಂಪ್ ಕೂಡ ಆ ಮಸೂದೆಯನ್ನು ವಿರೋಧಿಸಿದರು. ಅದು ಬಿದ್ದುಹೋಯಿತು.

ಇಷ್ಟು ಓದಿ ನಿಮಗೆ ಭಯ ಜಾಸ್ತಿಯಾಗಿರಬಹುದು. ಆದರೆ ಇದಕ್ಕೆ ಮಿತಿಯೂ ಇದೆ. ವಿಷಯ ಜನರ ಮೈಗೆ ನೇರವಾಗಿ ತಟ್ಟಿದಾಗ ನಿರೂಪಕರ ಮಾತು ನಡೆಯುವುದಿಲ್ಲ. ಒಬಾಮಾ ಕಾಲದ ಆರೋಗ್ಯ ವಿಮೆ ಕಾನೂನನ್ನು ರದ್ದು ಮಾಡಬೇಕು ಅಂತ ಏಳು ವರ್ಷ ಕೂಗಿದರು. 2017ರ ಜುಲೈ 28ರ ನಸುಕಿನಲ್ಲಿ ಸೆನೆಟ್‌ನಲ್ಲಿ ಆ ರದ್ದತಿ 49-51ರಲ್ಲಿ ಸೋತಿತು. ವಿಮೆ ಕೈತಪ್ಪುತ್ತದೆ ಅಂತ ಗೊತ್ತಾದಾಗ ಜನರ ಮನಸ್ಸು ತಿರುಗಿತ್ತು. 2022ರಲ್ಲಿ ಗರ್ಭಪಾತದ ದೇಶವ್ಯಾಪಿ ಹಕ್ಕನ್ನು ತೆಗೆದ ಸುಪ್ರೀಂ ಕೋರ್ಟ್ ತೀರ್ಪು ಬಂದ ಎರಡೇ ತಿಂಗಳಲ್ಲಿ ಕಾನ್ಸಸ್‌ನಂಥ ಕಟ್ಟಾ ರಿಪಬ್ಲಿಕನ್ ರಾಜ್ಯ ಶೇಕಡಾ 59 ವೋಟಿನಿಂದ ಗರ್ಭಪಾತದ ಹಕ್ಕನ್ನು ಉಳಿಸಿಕೊಂಡಿತು. ಆಮೇಲೆ ಪಕ್ಷವೇ ತನ್ನ ದನಿ ತಗ್ಗಿಸಿ, ಅದನ್ನು ರಾಜ್ಯಗಳಿಗೆ ಬಿಟ್ಟದ್ದು ಅನ್ನತೊಡಗಿತು. ಒಳಚುನಾವಣೆಯ ನಿಯಮವೂ ವ್ಯತ್ಯಾಸ ಮಾಡುತ್ತದೆ. 2021ರಲ್ಲಿ ಟ್ರಂಪ್ ವಿರುದ್ಧ ಮಹಾಭಿಯೋಗಕ್ಕೆ ವೋಟು ಹಾಕಿದ 10 ರಿಪಬ್ಲಿಕನ್ ಸಂಸದರಲ್ಲಿ ನಾಲ್ವರು ಸ್ಪರ್ಧಿಸಲಿಲ್ಲ, ನಾಲ್ವರು ಪ್ರೈಮರಿಯಲ್ಲಿ ಸೋತರು. ಉಳಿದ ಇಬ್ಬರು ವಾಷಿಂಗ್ಟನ್ ರಾಜ್ಯದವರು ಮತ್ತು ಕ್ಯಾಲಿಫೋರ್ನಿಯಾದವರು. ಅಲ್ಲಿ ಎಲ್ಲ ಪಕ್ಷದವರಿಗೂ ಸೇರಿ ಒಂದೇ ಪ್ರೈಮರಿ.

ಈಗ ನಿಮ್ಮ ವೀಸಾ. ವೀಸಾ ವಿಷಯದಲ್ಲಿ ಕನ್ಸರ್ವೇಟಿವ್ ಮಾಧ್ಯಮವೇ ಒಂದು ಮಾತಿನಲ್ಲಿಲ್ಲ. 2024ರ ಡಿಸೆಂಬರ್‌ನಲ್ಲಿ ಚೆನ್ನೈ ಮೂಲದ ಶ್ರೀರಾಮ್ ಕೃಷ್ಣನ್ ಅವರನ್ನು ಟ್ರಂಪ್ ಎಐ ಸಲಹೆಗಾರರಾಗಿ ಹೆಸರಿಸಿದಾಗ ದೊಡ್ಡ ಜಗಳವೇ ಎದ್ದಿತು. ಎಚ್‌1ಬಿ ಬೇಡ ಅನ್ನುವ ಟ್ರಂಪ್ ಬೆಂಬಲಿಗರಾದ ಲಾರಾ ಲೂಮರ್, ಸ್ಟೀವ್ ಬ್ಯಾನನ್ ಒಂದು ಕಡೆ. ಬೇಕು ಅನ್ನುವ ಉದ್ಯಮಿಗಳಾದ ಎಲಾನ್ ಮಸ್ಕ್, ವಿವೇಕ್ ರಾಮಸ್ವಾಮಿ ಇನ್ನೊಂದು ಕಡೆ. ಟ್ರಂಪ್ ಆಗ ಎಚ್‌1ಬಿ ಒಳ್ಳೆಯದೇ ಅಂದರು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹಾಕಿದರು. ಈಗಾಗಲೇ ಇರುವವರ ನವೀಕರಣಕ್ಕೆ ಅದು ಬರುವುದಿಲ್ಲ ಅಂತ ಸರ್ಕಾರ ಆಮೇಲೆ ಸ್ಪಷ್ಟ ಮಾಡಿತು. ನವೆಂಬರ್‌ನಲ್ಲಿ ಅದೇ ಇಂಗ್ರಹಾಮ್ ಫಾಕ್ಸ್‌ನಲ್ಲಿ, ನಮ್ಮಲ್ಲೇ ಪ್ರತಿಭೆ ಇದೆಯಲ್ಲ ಅಂದಾಗ ಟ್ರಂಪ್ ಮುಖಕ್ಕೇ ಇಲ್ಲ ಅಂದರು.

ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ. ಇದರ ಕಾರಣ ಸರಳ. ಉದ್ಯಮಿಗಳಿಗೆ ಕೆಲಸದವರು ಬೇಕು, ವೀಕ್ಷಕರಿಗೆ ಬೇಡ. ಇದನ್ನು ನೆನಪಿಡಿ: ಕಾನೂನು ನಿಧಾನ, ಆದೇಶ ಚುರುಕು. ಎಚ್‌1ಬಿ ಹುಟ್ಟಿದ್ದು 1990ರ ಕಾನೂನಿನಿಂದ. ಆ ಚೌಕಟ್ಟು ಇಂದಿಗೂ ಹಾಗೇ ಇದೆ. ದೇಶವಾರು ಮಿತಿ ತೆಗೆಯುವ ಮಸೂದೆ 2019ರಲ್ಲಿ ಕೆಳಮನೆಯಲ್ಲಿ 365-65ರಲ್ಲಿ ಪಾಸಾದರೂ ಕಾನೂನಾಗಲಿಲ್ಲ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಸಂಸತ್ತು ಅಷ್ಟೇ ನಿಧಾನ. ಟಿವಿಯ ಕೂಗು ಬೇಗ ಮುಟ್ಟುವುದು ಶುಲ್ಕ, ಸಂದರ್ಶನ, ಪರಿಶೀಲನೆಯಂಥ ಆದೇಶಗಳನ್ನು. ನಿಮ್ಮ ಎಚ್ಚರ ಅಲ್ಲಿರಲಿ. ಉದಾಹರಣೆಗೆ, ಎಚ್‌1ಬಿ ಸ್ಟಾಂಪಿಂಗ್‌ಗೆ ಹೋಗುವವರ ಸೋಷಿಯಲ್ ಮೀಡಿಯಾ ಖಾತೆಗಳನ್ನು 2025ರ ಡಿಸೆಂಬರ್‌ನಿಂದ ನೋಡುತ್ತಿದ್ದಾರೆ. ಊರಿಗೆ ಹೋಗುವ ಮುಂಚೆ ವಕೀಲರನ್ನು ಕೇಳಿಯೇ ಟಿಕೆಟ್ ತೆಗೆಯಿರಿ.

ಏನು ಮಾಡಬೇಕು ಅಂತ ಕೇಳಿದ್ದೀರಿ. ಅಜ್ಜನ ಮನೆಯ ಕಡೆ ಹೋಗುವುದನ್ನೇ ನಿಲ್ಲಿಸಬಹುದು. ಮನಸ್ಸಿಗೆ ಆ ಕ್ಷಣಕ್ಕೆ ಹಗುರ. ಆದರೆ ಅವರಿಗೆ ಗೊತ್ತಿರುವ ಒಂದೇ ಒಂದು ವೀಸಾ ಕುಟುಂಬ ನಿಮ್ಮದು. ನೀವೂ ಹೋದರೆ ಉಳಿಯುವುದು ಟಿವಿಯ ವೀಸಾದವರು ಮಾತ್ರ. ಅಂಕಿಅಂಶ ತೋರಿಸಿ ವಾದ ಗೆಲ್ಲಬಹುದು. ಅದರ ಅಪಾಯ ಹೆಚ್ಚು. ಸೋತವರು ಇನ್ನಷ್ಟು ಗಟ್ಟಿಯಾಗುವುದನ್ನು ಕ್ಲಾಸಿನಲ್ಲಿ ನೂರು ಸಲ ಕಂಡಿದ್ದೇನೆ. ಅಲ್ಲದೆ ಅವರ ಮಾತಿನಲ್ಲಿ ಒಂದು ಕಾಳು ಸತ್ಯ ಇದೆ. 2015ರಲ್ಲಿ ಫ್ಲೋರಿಡಾದ ಡಿಸ್ನಿಯಲ್ಲಿ ಸುಮಾರು 250 ಟೆಕ್ ನೌಕರರನ್ನು ತೆಗೆದ ಸುದ್ದಿ ದೇಶವೆಲ್ಲ ಹರಡಿತು. ಹೋಗುವ ಮುಂಚೆ ತಮ್ಮ ಜಾಗಕ್ಕೆ ಬಂದವರಿಗೆ ತಾವೇ ಕೆಲಸ ಕಲಿಸಬೇಕಾಯಿತು. ಬಂದವರಲ್ಲಿ ಎಚ್‌1ಬಿಯವರು ಇದ್ದರು. ಅದನ್ನು ಒಪ್ಪಿಕೊಳ್ಳದೆ ಮಾತು ಮುಂದೆ ಹೋಗುವುದಿಲ್ಲ. ನಾನಾದರೆ ನಿಮ್ಮದೇ ಕಥೆ ಹೇಳುತ್ತಿದ್ದೆ. ಹನ್ನೊಂದು ವರ್ಷದ ಸಾಲು, ಪ್ರತಿ ನವೀಕರಣದ ಕಾಗದ, ಕೆಲಸ ಹೋದರೆ 60 ದಿನದಲ್ಲಿ ದೇಶ ಬಿಡಬೇಕಾಗಬಹುದಾದ ಆತಂಕ. ಹೆಚ್ಚಿನ ಅಮೆರಿಕನ್ನರಿಗೆ ಇದು ಗೊತ್ತೇ ಇಲ್ಲ. ಕೇಳಿದ ಮೇಲೂ ಅವರು ಬದಲಾಗದೆ ಇರಬಹುದು. ಅದಕ್ಕೆ ನೀವು ತಯಾರಿರಬೇಕು.

ಪೌರತ್ವ ಸಿಕ್ಕಿರುವ ಕನ್ನಡದ ಗೆಳೆಯರಿಗೆ ಒಂದು ಮಾತು ಮುಟ್ಟಿಸಿ. ಟೆಕ್ಸಸ್‌ನಲ್ಲಿ ಪಕ್ಷಕ್ಕೆ ನೋಂದಾಯಿಸಬೇಕಾಗಿಲ್ಲ. ಮಾರ್ಚ್‌ನ ಪ್ರೈಮರಿಯಲ್ಲಿ ಯಾವ ಪಕ್ಷದ ಮತಪತ್ರ ಬೇಕಾದರೂ ಕೇಳಬಹುದು, ಒಂದನ್ನು ಮಾತ್ರ. ನಮ್ಮವರು ನವೆಂಬರ್‌ಗೆ ಮಾತ್ರ ಹೋಗುತ್ತಾರೆ. ಟಿಕೆಟ್ ಆಗಲೇ ಹಂಚಿ ಹೋಗಿರುತ್ತದೆ. ಆದರೆ ನೀವು ಮತ್ತು ನಿಮ್ಮ ಯಜಮಾನರು, ಮುಂದೆ ಗ್ರೀನ್ ಕಾರ್ಡ್ ಬಂದ ಮೇಲೂ, ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಯಾರಾದರೂ ಕೇಳಿದರೂ, ಅಪ್ಪಿತಪ್ಪಿ ಮತದಾರರ ಪಟ್ಟಿಗೆ ಸಹಿ ಹಾಕಬೇಡಿ. ಪೌರರಲ್ಲದವರಿಗೆ ಅದು ಗಡೀಪಾರಿನವರೆಗೆ ಹೋಗುವ ತಪ್ಪು.

ನಿಮ್ಮ ಫೋನನ್ನೂ ಸ್ವಲ್ಪ ನೋಡಿ. 2024ರ ಡಿಸೆಂಬರ್‌ನ ಆ ವೀಸಾ ಜಗಳ ನಡೆದದ್ದು ಎಕ್ಸ್‌ನಲ್ಲಿ, ಅಂದರೆ ಹಳೆಯ ಟ್ವಿಟರ್‌ನಲ್ಲಿ. ಅಮೆರಿಕದ ವಯಸ್ಕರಲ್ಲಿ ಅದನ್ನು ಬಳಸುವವರು ಐದರಲ್ಲಿ ಒಬ್ಬರು. ಅದರ ತುಣುಕುಗಳು ನಮ್ಮ ಕನ್ನಡ ವಾಟ್ಸಾಪ್ ಗುಂಪುಗಳಿಗೆ ಬಂದಾಗ "ಇಡೀ ಅಮೆರಿಕ ನಮ್ಮ ವಿರುದ್ಧ" ಅಂತಾಗಿತ್ತು. ಅಜ್ಜನಿಗೆ ಅವರ ಚಾನೆಲ್ ಮಾಡಿದ್ದನ್ನೇ ನಮಗೆ ನಮ್ಮ ಗುಂಪು ಮಾಡುತ್ತಿದೆ, ಅಲ್ವಾ?

ಕೊನೆಗೆ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಎರಡು ಪದ. "ನಮ್ಮ ಹುಡುಗರಿಗೆ" ಅಂದರಂತೆ ಅಜ್ಜ. ಟಿವಿಯ ಮಾತಿನಲ್ಲಿ ಅದು "ಅಮೆರಿಕದ ಕೆಲಸಗಾರರಿಗೆ" ಆಗಿರುತ್ತಿತ್ತು. ಕಂಪ್ಯೂಟರ್ ಓದಿದ ಹೊಸ ಪದವೀಧರರಿಗೆ ಈಚೆಗೆ ಅಲ್ಲಿ ಕೆಲಸ ಸಿಗುವುದು ನಿಜಕ್ಕೂ ಕಷ್ಟವಾಗಿದೆ. ಅವರಿಗೊಬ್ಬ ಮೊಮ್ಮಗ ಇರಬಹುದು, ಅರ್ಜಿ ಹಾಕಿ ಹಾಕಿ ಸೋತಿರಬಹುದು. ಇದ್ದರೆ ಅವನು ಏನು ಓದಿದ್ದಾನೆ, ಎಲ್ಲಿ ಹುಡುಕುತ್ತಿದ್ದಾನೆ ಅಂತ ಈ ಶನಿವಾರ ಹೋಗಿ ಕೇಳಿ. ನಿಮ್ಮ ಯಜಮಾನರ ಕಂಪನಿಯಲ್ಲಿ ಜಾಗ ಇದ್ದರೆ ಅವನ ರೆಸ್ಯೂಮೆ ಇಸಿದುಕೊಂಡು ಬನ್ನಿ.